ಅಮ್ಮನಿಗೆ ಇನ್ನೂ ಇಪ್ಪತ್ತನಾಲ್ಕು

ಫೆಬ್ರವರಿ 9

ಅಪ್ಪನನ್ನು ಇವತ್ತು ಮನೆಗೆ ಕರೆತಂದೆವು. ವಾಸಿಯಾಗಿ ಅಲ್ಲ. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಇನ್ನು ಇಲ್ಲಿ ನಾವು ಮಾಡೋದು ಏನೂ ಇಲ್ಲ. ಮನೇಲಿ ನೆಮ್ಮದಿಯಾಗಿ ಇರ್ಲಿ" ಅಂದರು. ಎಷ್ಟು ದಿನ ಎಂದು ಕೇಳಬೇಕಿತ್ತು. ಬಾಯಿ ಬರಲಿಲ್ಲ, ತಲೆಯಾಡಿಸಿ ಬಂದೆ. ಚಿಕ್ಕಮ್ಮ ನನ್ನ ಮುಖ ನೋಡಿದವಳೇ ತಾನೇ ಒಳಗೆ ಹೋಗಿ ಕೇಳಿಕೊಂಡು ಬಂದಳು. ಒಂದು ತಿಂಗಳು. ಹೆಚ್ಚೆಂದರೆ ಒಂದೂವರೆ.

ಮೂವತ್ತೈದು ವರ್ಷ ಕಂಡವರ ಗೋಡೆ ಉಜ್ಜಿ ಬಣ್ಣ ಹೊಡೆದ ಧೂಳೆಲ್ಲ ಅಪ್ಪನ ಎದೆಯೊಳಗೆ ಕೂತಿದೆಯಂತೆ. ಮನೆಗೆ ಬಂದು ಮಲಗಿದ ಮೇಲೆ ಅಪ್ಪ ಮೊದಲು ಆಡಿದ ಮಾತು, "ಆ ಮೂಲೇಲಿ ಬಣ್ಣ ಎದ್ದಿದೆ ನೋಡು. ಯಾವನು ಹೊಡೆದಿದ್ದು?" ಹೊಡೆದವನು ಅವನೇ.

ಆಸ್ಪತ್ರೆ ಬಿಡುವ ಮುಂಚೆ ಗುಮಾಸ್ತ ಕಾಗದ ತುಂಬಿಸಿಕೊಳ್ಳುತ್ತಾ ಚಿಕ್ಕಮ್ಮನನ್ನು ತೋರಿಸಿ, "ಇವರು ಪೇಶಂಟಿಗೆ ಏನಾಗ್ಬೇಕು?" ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮನೇ, "ಎರಡನೇ ಹೆಂಡ್ತಿ" ಅಂದಳು. ಅವನು ಹೆಂಡತಿ ಎಂದಷ್ಟೇ ಬರೆದ. ಎರಡನೆಯ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ.

ಈ ನೋಟ್‌ಬುಕ್ ನಾನು ಕೆಲಸ ಮಾಡುವ ಫೋಟೊ ಅಂಗಡಿಯದು. ಮೊದಲ ಹಾಳೆಯ ಮೇಲೆ ಅಂಟು ಚೆಲ್ಲಿದೆ ಎಂದು ಕತ್ತರಿಯಣ್ಣ ನನಗೆ ಕೊಟ್ಟ. ಐದನೇ ಕ್ಲಾಸು ಬಿಟ್ಟ ಮೇಲೆ ಒಂದೇ ಸಲಕ್ಕೆ ಇಷ್ಟು ಬರೆದದ್ದು ಇವತ್ತೇ.

ಫೆಬ್ರವರಿ 12

ಅತ್ತೆ ಬಂದಿದ್ದಾರೆ, ಅಪ್ಪನ ಅಕ್ಕ. ಮುಗಿಯುವವರೆಗೆ ಇರುತ್ತೇನೆ ಎಂದರು. ಏನು ಮುಗಿಯುವವರೆಗೆ ಎಂದು ಯಾರೂ ಕೇಳಲಿಲ್ಲ.

ಅಪ್ಪನಿಗೆ ಹೆದರಿಕೆಯಾಗಿದೆ. ಉಸಿರು ಸಿಕ್ಕಿಹಾಕಿಕೊಂಡಾಗ ಕಣ್ಣು ದೊಡ್ಡದಾಗುತ್ತದೆ. ಅತ್ತೆ ಅವನ ತಲೆ ಸವರುತ್ತಾ, "ತಮ್ಮಾ, ಹೆದರ್ಕೋಬೇಡ. ಅಲ್ಲಿ ನಿನ್ನೋಳು ಬಾಗಿಲಲ್ಲೇ ನಿಂತಿದಾಳೆ. ಇಪ್ಪತ್ಮೂರು ವರ್ಷದಿಂದ ಕಾಯ್ತಿದಾಳೆ ಪಾಪ. ನೀನು ಹೋಗ್ತಿದ್ದಂಗೆ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗ್ತಾಳೆ" ಅಂದರು.

ಅತ್ತೆ ಹೇಳಿದ್ದು ನನ್ನ ಅಮ್ಮನನ್ನು. ಆಗ ಚಿಕ್ಕಮ್ಮ ಕಾಲ ಬಳಿ ಕೂತು ಅಪ್ಪನ ಊದಿದ ಪಾದ ಒತ್ತುತ್ತಿದ್ದಳು. ಕೈ ನಿಂತಿತು. ಆಮೇಲೆ, "ಇಪ್ಪತ್ಮೂರು ವರ್ಷ ನಿಂತೇ ಇದಾಳಾ? ಕೂತ್ಕೊಳ್ಳೋಕೆ ಒಂದು ಕುರ್ಚಿನೂ ಹಾಕಿಲ್ವಾ ಅಲ್ಲಿ?" ಅಂದಳು.

ಅತ್ತೆಗೂ ನಗು ಬಂತು. ಅಪ್ಪ ಕೆಮ್ಮು ಹತ್ತುವವರೆಗೆ ನಕ್ಕ. ಎಷ್ಟೋ ದಿನದ ಮೇಲೆ ಅಪ್ಪ ನಕ್ಕದ್ದು. ಚಿಕ್ಕಮ್ಮನೊಬ್ಬಳು ನಗಲಿಲ್ಲ. ಮತ್ತೆ ಪಾದ ಒತ್ತತೊಡಗಿದಳು.

ಅಮ್ಮ ನಿಜವಾಗಿ ಬಾಗಿಲಲ್ಲಿ ನಿಂತಿದ್ದರೆ, ಇಪ್ಪತ್ತನಾಲ್ಕು ವರ್ಷದವಳಾಗಿಯೇ ನಿಂತಿರಬೇಕಲ್ಲವೇ? ನನ್ನನ್ನು ಹೆತ್ತು ಹನ್ನೊಂದು ದಿನಕ್ಕೆ ತೀರಿಹೋದಾಗ ಅವಳಿಗೆ ಅಷ್ಟೇ ವಯಸ್ಸು. ಅಪ್ಪನಿಗೆ ಈಗ ಐವತ್ತೇಳು. ಬರುವ ವರ್ಷ ನನಗೂ ಇಪ್ಪತ್ತನಾಲ್ಕು ಆಗುತ್ತದೆ. ಅದರ ಮಾರನೆಯ ವರ್ಷದಿಂದ ನಾನೇ ಅಮ್ಮನಿಗಿಂತ ದೊಡ್ಡವಳು.

ಫೆಬ್ರವರಿ 14

ಒಬ್ಬರು ತೀರಿಹೋದ ಅಜ್ಜಿಯನ್ನು ಮೊಮ್ಮಗಳ ಮದುವೆಯ ಫೋಟೊದಲ್ಲಿ ಕೂರಿಸಿಕೊಡಿ ಎಂದು ತಂದಿದ್ದರು. ಅಂಗಡಿಗೆ ಬರುವ ಇಂಥ ಕೆಲಸವೆಲ್ಲ ನನ್ನ ಪಾಲಿಗೆ. ಹೊರಗೆ ಯಜಮಾನರು ಗಿರಾಕಿಗಳ ಫೋಟೊ ತೆಗೆಯುತ್ತಾರೆ, ಒಳಕೋಣೆಯಲ್ಲಿ ನಾನು ಕಂಪ್ಯೂಟರಿನಲ್ಲಿ ತಿದ್ದುತ್ತೇನೆ, ಕತ್ತರಿಯಣ್ಣ ಪ್ರಿಂಟು ಕತ್ತರಿಸಿ ಲಕೋಟೆಗೆ ಹಾಕುತ್ತಾನೆ. ಒಳಕೋಣೆ ನನಗೆ ಹಿತ. ಫೋಟೊದಲ್ಲಿರುವವರು ಏನನ್ನೂ ಕೇಳುವುದಿಲ್ಲ.

ಇವತ್ತಿನ ಅಜ್ಜಿಯದು ಕಣ್ಣು ಮುಚ್ಚಿದ ಫೋಟೊ. ಸತ್ತವರಿಗೆ ಏನು ಕಡಿಮೆಯಿದ್ದರೂ ರಕ್ತಸಂಬಂಧಿಕರ ಮುಖದಿಂದಲೇ ತೆಗೆದು ಕೊಡಬೇಕು, ಎಲ್ಲ ಮುಗಿದ ಮೇಲೆ ಮೂರು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಬೇಕು ಎಂಬುದು ಯಜಮಾನರ ನಿಯಮ. ಅಜ್ಜಿಯ ಮಗಳ ಕಣ್ಣು ತೆಗೆದು ಅಜ್ಜಿಗೆ ಇಟ್ಟೆ. ಕೂತಿತು.

ಎರಡು ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದದ್ದನ್ನು, ಅತ್ತೆಯ ಬಾಗಿಲ ಮಾತನ್ನೂ ಸೇರಿಸಿ, ಕತ್ತರಿಯಣ್ಣನ ಹತ್ತಿರ ಕೇಳಿಬಿಟ್ಟೆ. "ಅಣ್ಣ, ಸತ್ತವರಿಗೆ ಅಲ್ಲಿ ಎಷ್ಟು ವಯಸ್ಸಿರುತ್ತೆ?"

"ಸತ್ತವರಿಗೆ ವಯಸ್ಸಿರಲ್ಲಮ್ಮ, ಸೈಜಿರುತ್ತೆ. ಹತ್ತು ಹನ್ನೆರಡು, ಇಲ್ಲ ಹನ್ನೆರಡು ಹದಿನೈದು. ಫ್ರೇಮು ಬೇಕಾ ಬೇಡ್ವಾ, ಅಷ್ಟೇ ಕೇಳು."

ನಾನು ನಗಲಿಲ್ಲ. ಅವನು ಕತ್ತರಿ ಕೆಳಗಿಟ್ಟು, "ಅಪ್ಪನ ವಿಷಯ ಯೋಚ್ನೆ ಮಾಡ್ತಿದ್ಯಾ? ನೋಡು, ನನಗೆ ಸುಳ್ಳು ಹೇಳೋಕೆ ಬರಲ್ಲ. ಕರೆಂಟು ಹೋದ್ಮೇಲೆ ಸ್ಕ್ರೀನಲ್ಲಿದ್ದ ಫೋಟೊ ಎಲ್ಲಿಗೆ ಹೋಯ್ತು ಅಂತ ಯಾರಾದ್ರೂ ಹುಡುಕ್ತಾರಾ?" ಅಂದ.

"ಸೇವ್ ಮಾಡಿದ್ರೆ ಇರುತ್ತಲ್ಲ" ಅಂದೆ.

"ಮಾತೇ ಆಡಲ್ಲ ಅಂತಾರೆ ಇವಳನ್ನ! ಎಂಥ ಏಟು ಕೊಟ್ಳು ನೋಡಿ ಸಾರ್" ಎಂದು ಯಜಮಾನರಿಗೆ ಕೂಗಿ ಹೇಳಿದ. ಯಜಮಾನರು ಆಚೆಯಿಂದಲೇ, "ಬಾಗಿಲಲ್ಲಿ ಕಾಯೋದೂ ಇಲ್ಲ, ಆಫ್ ಆಗೋದೂ ಇಲ್ಲ. ವರ್ಷದೊಳಗೆ ಇನ್ನೊಂದು ಮನೇಲಿ ಹುಟ್ಟಿರ್ತಾರೆ. ಬೇರೆ ಮುಖ, ಬೇರೆ ಹೆಸರು. ಅಷ್ಟೇ" ಅಂದರು.

ಅತ್ತೆ ಒಂದು, ಕತ್ತರಿಯಣ್ಣ ಒಂದು, ಯಜಮಾನರು ಒಂದು. ಮೂವರೂ ಹೋಗಿ ನೋಡಿ ಬಂದವರ ಹಾಗೆ ಮಾತಾಡುತ್ತಾರೆ.

ಫೆಬ್ರವರಿ 17

ಮಧ್ಯಾಹ್ನ ಚಿಕ್ಕಮ್ಮ ಇಸ್ತ್ರಿ ಕೆಲಸಕ್ಕೆ ಲಾಂಡ್ರಿಗೆ ಹೋಗಿದ್ದಾಗ ಅಪ್ಪ ನನ್ನನ್ನು ಹತ್ತಿರ ಕರೆದ.

"ಪುಟ್ಟೀ, ನಿನ್ನ ಅಮ್ಮನ ಫೋಟೊ ಇದೆಯಲ್ಲ, ಅದಕ್ಕೆ ವಯಸ್ಸು ಮಾಡೋಕೆ ಬರುತ್ತಾ?"

ಅರ್ಥವಾಗಲಿಲ್ಲ.

"ನಲವತ್ತೇಳು ವರ್ಷಕ್ಕೆ ತರ್ಬೇಕು. ಬದುಕಿದ್ರೆ ಈಗ ಅಷ್ಟಾಗ್ತಿತ್ತು. ನನ್ನ ಪಕ್ಕ ಕೂರ್ಸು." ಉಸಿರಿಗಾಗಿ ನಿಂತ. "ಅಕ್ಕ ಏನೋ ಹೇಳಿದ್ಲು. ಬಾಗಿಲು ತೆಗೆದವಳು ಇಪ್ಪತ್ನಾಲ್ಕರ ಹುಡುಗಿ ಆದ್ರೆ? 'ಯಾರಜ್ಜಾ, ಯಾರು ಬೇಕಿತ್ತು' ಅಂದ್ರೆ ನಾನೇನು ಹೇಳ್ಲಿ? ನಿನಗಿಂತ ಚಿಕ್ಕೋಳಾಗಿ ಕಾಣ್ತಾಳೆ ಪುಟ್ಟೀ ಆ ಫೋಟೊದಲ್ಲಿ. ಹೆಂಡ್ತಿ ಅನ್ನೋಕೆ ನಾಚಿಕೆಯಾಗುತ್ತೆ."

ಅಪ್ಪನ ಹೆದರಿಕೆ ಸಾಯುವುದಕ್ಕೆ ಎಂದುಕೊಂಡಿದ್ದೆ. ಅಲ್ಲ, ಬಾಗಿಲಲ್ಲಿ ಏನು ಮಾತಾಡಬೇಕು ಎಂಬುದಕ್ಕೆ.

"ಚಿಕ್ಕಮ್ಮನಿಗೆ ಹೇಳ್ಬೇಡ" ಎಂದೂ ಅಂದ. ಹೂಂ ಅಂದೆ.

ಫೆಬ್ರವರಿ 19

ಒಬ್ಬ ಹುಡುಗಿ ಕೆಲಸಕ್ಕೆ ಅರ್ಜಿ ಹಾಕಲು ಫೋಟೊ ತೆಗೆಸಿಕೊಂಡಳು. ಲಕೋಟೆಯ ಮೇಲೆ ವಯಸ್ಸು ಇಪ್ಪತ್ತೆರಡು ಎಂದಿತ್ತು. ಮೂಗಿನ ಪಕ್ಕದ ಮಚ್ಚೆಯನ್ನು ತೆಗೆಯಲು ಸ್ಕ್ರೀನಿನಲ್ಲಿ ದೊಡ್ಡದು ಮಾಡಿದವಳು ಲಕೋಟೆಯನ್ನು ತಿರುಗಿಸಿ ಮತ್ತೆ ಓದಿದೆ. ಯಜಮಾನರು ಹೇಳಿದ್ದೇ ನಿಜವಾದರೆ ಅಮ್ಮನಿಗೆ ಈಗ ಇದೇ ವಯಸ್ಸು. ಇವಳೇ ಯಾಕಾಗಬಾರದು?

ಎದ್ದು ಹೋಗಿ ಪರದೆಯ ಸಂದಿನಿಂದ ನೋಡಿದೆ. ಅವಳು ಫೋನಿನಲ್ಲಿ ಯಾರನ್ನೋ, "ಕತ್ತೆ, ಹತ್ತು ನಿಮಿಷ ಅಂದೋನು ಎಲ್ಲಿ ಸತ್ತೆ" ಎಂದು ಬೈಯುತ್ತಿದ್ದಳು. ಆಗಲಾರದು ಅನ್ನಿಸಿತು. ಆಮೇಲೆ, ಯಾಕಾಗಲಾರದು? ಅಮ್ಮ ಹೇಗೆ ಮಾತಾಡುತ್ತಿದ್ದಳು ಎಂದು ನನಗೇನು ಗೊತ್ತು? ಅವಳೂ ಹೀಗೇ ಬೈಯುತ್ತಿದ್ದಳೋ ಏನೋ. ಮಚ್ಚೆ ತೆಗೆಯದೆ ಬಿಟ್ಟೆ. ಯಜಮಾನರಿಂದ ಬೈಸಿಕೊಂಡೆ.

ಫೆಬ್ರವರಿ 24

ಹಿತ್ತಲಲ್ಲಿ ಅಪ್ಪನ ಹೊದಿಕೆ ಹಿಂಡುತ್ತಿದ್ದೆವು. ಒಂದು ತುದಿ ನಾನು, ಇನ್ನೊಂದು ತುದಿ ಚಿಕ್ಕಮ್ಮ. ಅವಳು ಹಿಂಡುತ್ತಲೇ ಹೇಳಿದಳು, ಅವಳ ಅಣ್ಣನಿಗೆ ಫೋನ್ ಮಾಡಿದ್ದಾಳಂತೆ. ಎಲ್ಲ ಆದ ಮೇಲೆ ಅಲ್ಲಿಗೆ ಹೋಗಿ ಇರುತ್ತಾಳಂತೆ.

"ಯಾಕೆ?" ಅಂದೆ.

"ಯಾಕೆ ಅಂದ್ರೆ? ಅವಳದ್ದನ್ನ ಇಷ್ಟು ದಿನ ನೋಡ್ಕೊಂಡೆ. ಗಂಡ, ಮಗು, ಮನೆ. ನನ್ನದು ಅಂತ ಯಾವುದಿತ್ತು? ಈಗ ಅವರು ಅವಳ ಹತ್ರ ಹೋಗ್ತಾರೆ. ಒಪ್ಪಿಸಿದಂಗಾಯ್ತು. ನೀನೂ ದೊಡ್ಡೋಳಾದೆ."

ಹೊದಿಕೆಯ ನೀರೆಲ್ಲ ಹೋಗಿತ್ತು. ಆದರೂ ತಿರುಚುತ್ತಲೇ ಇದ್ದಳು. "ಒಂದು ಕೇಳ್ತೀನಿ, ನಿಮ್ಮತ್ತೆ ಹತ್ರ ಕೇಳೋಕಾಗಲ್ಲ. ನಾಳೆ ನಾನೂ ಸಾಯ್ತೀನಲ್ಲ, ಆಗ ಎಲ್ಲಿಗೆ ಹೋಗ್ಲಿ? ಅವರಿಬ್ರೂ ಇರೋ ಮನೆಗಾ? ಹೋಗಿ ಏನಂತ ನಿಂತ್ಕೊಳ್ಲಿ?"

ಹೊದಿಕೆಯನ್ನು ಅವಳ ಕೈಯಿಂದ ತೆಗೆದುಕೊಂಡು ಹಗ್ಗದ ಮೇಲೆ ಹರವಿದೆ. ಅಪ್ಪ ಒಂದು ಮಾತು ಹೇಳಿದರೆ ಸಾಕು. ನೀನೂ ಬಾ ಎಂದು. ಹೇಳಲು ಅವನಿಗೆ ಹೆಚ್ಚು ದಿನವಿಲ್ಲ. ನಾನು ಕೇಳಬೇಕು. ನಾಳೆ ಕೇಳುತ್ತೇನೆ.

ಫೆಬ್ರವರಿ 25

ಕೇಳಲಿಲ್ಲ.

ಫೆಬ್ರವರಿ 27

ಇವತ್ತೂ ಇಲ್ಲ.

ಮಾರ್ಚ್ 2

ಅಮ್ಮನಿಗೆ ವಯಸ್ಸು ಮಾಡಲು ಕೂತೆ. ಕತ್ತರಿಯಣ್ಣ ರಜೆ, ಯಜಮಾನರು ಯಾವುದೋ ಸಮಾರಂಭಕ್ಕೆ ಕ್ಯಾಮೆರಾ ಹಿಡಿದು ಹೋಗಿದ್ದರು. ಒಳಕೋಣೆಯಲ್ಲಿ ನಾನೊಬ್ಬಳೇ.

ಅಮ್ಮನದು ಇರುವುದು ಒಂದೇ ಫೋಟೊ. ಸ್ಟೂಡಿಯೋದ ಕುರ್ಚಿಯಲ್ಲಿ ಕೂತಿದ್ದಾಳೆ, ಒಂದು ಕೈ ಇನ್ನೊಂದರ ಮೇಲೆ. ಕೆನ್ನೆ ನುಣ್ಣಗಿದೆ. ಸತ್ತವರ ಕಣ್ಣು ಬಿಡಿಸಿದ್ದೇನೆ, ಹರಿದ ಕಿವಿ ಕೂಡಿಸಿದ್ದೇನೆ, ಸುಕ್ಕು ತೆಗೆದಿದ್ದೇನೆ. ಸುಕ್ಕು ಕೊಟ್ಟು ಗೊತ್ತಿರಲಿಲ್ಲ. ಇಪ್ಪತ್ತಮೂರು ವರ್ಷ ಅವಳ ಮುಖದ ಮೇಲೆ ಎಲ್ಲೆಲ್ಲಿ ಕೂತಿರುತ್ತಿತ್ತು? ನಕ್ಕರೆ ಎಲ್ಲಿ ಮಡಿಕೆ ಬೀಳುತ್ತಿತ್ತು? ನಗುತ್ತಿದ್ದಳೇ?

ಅಮ್ಮನ ಕಡೆಯವರು ಯಾರೂ ಉಳಿದಿಲ್ಲ. ರಕ್ತಸಂಬಂಧ ಎಂದರೆ ನಾನೊಬ್ಬಳೇ. ನನ್ನ ಮುಖದಲ್ಲಿ ಸುಕ್ಕಿಲ್ಲ. ಕೊನೆಗೆ, ಆಸ್ಪತ್ರೆಯ ಪಾಸಿಗಾಗಿ ನಾನೇ ತೆಗೆದ ಚಿಕ್ಕಮ್ಮನ ಫೋಟೊ ಕಂಪ್ಯೂಟರಿನಲ್ಲಿತ್ತು, ಅದರಿಂದ ಕಣ್ಣ ಕೆಳಗಿನ ಎರಡು ಗೆರೆ ಮಾತ್ರ ತೆಗೆದುಕೊಂಡೆ. ಹೊಂದಿಕೊಂಡಿತು. ಆಮೇಲೆ ಕತ್ತಿನದು. ಆಮೇಲೆ ಹಣೆಯದು, ಬಾಯಿಯ ಪಕ್ಕದ್ದು. ತುಂಬಾ ಹತ್ತಿರದಿಂದ ಕೆಲಸ ಮಾಡುವಾಗ ಮುಖ ಕಾಣುವುದಿಲ್ಲ, ಚುಕ್ಕಿಗಳು ಮಾತ್ರ ಕಾಣುತ್ತವೆ. ಐದು ಗಂಟೆ ಹೋದದ್ದು ಗೊತ್ತಾಗಲಿಲ್ಲ. ಪಕ್ಕದಲ್ಲಿ ಅಪ್ಪನನ್ನು ಕೂರಿಸಿದೆ. ಅಂಗಡಿ ಮುಚ್ಚುವ ಹೊತ್ತಾಗಿತ್ತು, ಪ್ರಿಂಟು ತೆಗೆದು ಲಕೋಟೆಗೆ ಹಾಕಿ ಅಂಟಿಸಿಬಿಟ್ಟೆ.

ಇಷ್ಟು ಒಳ್ಳೆಯ ಕೆಲಸ ನಾನು ಯಾವತ್ತೂ ಮಾಡಿಲ್ಲ.

ಮಾರ್ಚ್ 4

ಚಿಕ್ಕಮ್ಮ ಲಾಂಡ್ರಿಯಿಂದ ಬರುವುದು ಎರಡಕ್ಕೆ. ಹನ್ನೆರಡೂವರೆಗೆ ಅಪ್ಪನ ಕೈಗೆ ಫೋಟೊ ಕೊಟ್ಟೆ. ಇವತ್ತು ಅವಳು ಬೇಗ ಬಂದಳು. ಕರೆಂಟಿಲ್ಲವೆಂದು ಕಳಿಸಿಬಿಟ್ಟಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು, ನಾನು ನೋಡಿರಲಿಲ್ಲ.

ಅಪ್ಪ ಫೋಟೊ ಹತ್ತಿರ ಹಿಡಿದ, ದೂರ ಹಿಡಿದ. ಬಹಳ ಹೊತ್ತು ನೋಡಿ ಹೇಳಿದ, "ಇದು ನಿನ್ನ ಚಿಕ್ಕಮ್ಮ ಅಲ್ವೇನೇ? ಅವಳ ಜಾಗದಲ್ಲಿ ಇವಳನ್ನ ಯಾಕೆ ಕೂರ್ಸಿದ್ದೀಯಾ?"

ಆಗ ನಾನೂ ನೋಡಿದೆ. ಮೂರು ಹೆಜ್ಜೆ ಹಿಂದೆ ಹೋಗಬೇಕಾಗಲಿಲ್ಲ. ಅಮ್ಮನ ಕುರ್ಚಿಯಲ್ಲಿ, ಅಮ್ಮನ ಸೀರೆಯುಟ್ಟು, ಒಂದು ಕೈ ಇನ್ನೊಂದರ ಮೇಲಿಟ್ಟು ಚಿಕ್ಕಮ್ಮ ಕೂತಿದ್ದಳು.

ಚಿಕ್ಕಮ್ಮ ಒಳಗೆ ಬಂದು ಅಪ್ಪನ ಕೈಯಿಂದ ಫೋಟೊ ತೆಗೆದುಕೊಂಡಳು.

"ಚೆನ್ನಾಗಿ ಬಂದಿದೆ" ಅಂದಳು. ಫೋಟೊವನ್ನು ಹುಷಾರಾಗಿ ಮೇಜಿನ ಮೇಲಿಟ್ಟಳು. "ಆ ಜಾಗದಲ್ಲಿ ಕೂರ್ಬೇಕು ಅಂತ ನನಗೆ ಯಾವತ್ತೂ ಇರ್ಲಿಲ್ಲ ರೀ. ಮಾತ್ರೆ ತಗೊಂಡ್ರಾ?"

ಮಾರ್ಚ್ 5

ಚಿಕ್ಕಮ್ಮ ಅಟ್ಟದಿಂದ ತನ್ನ ಬ್ಯಾಗು ಇಳಿಸಿ ಒರೆಸಿಟ್ಟಿದ್ದಾಳೆ.

ಮಾರ್ಚ್ 8

ಕೇಳಿದೆ.

ಅಪ್ಪ ದಿಂಬಿಗೆ ಒರಗಿ ಕಿಟಕಿ ನೋಡುತ್ತಿದ್ದ. ಬೆಳಿಗ್ಗೆ ಎದ್ದಾಗಿನಿಂದ ನಾಲ್ಕು ಸಲ ಕೋಣೆಯೊಳಗೆ ಹೋಗಿ ನಾಲ್ಕು ಸಲ ಹೊರಗೆ ಬಂದಿದ್ದೆ. ಐದನೇ ಸಲ ಅಪ್ಪನೇ, "ಏನು ಕಳ್ಕೊಂಡಿದ್ದೀಯಾ? ನಾನೂ ಹುಡುಕ್ಲಾ?" ಅಂದ.

"ಅಪ್ಪ, ಚಿಕ್ಕಮ್ಮ ಸತ್ತ ಮೇಲೆ ಎಲ್ಲಿಗೆ ಬರ್ಬೇಕು?"

"ಅವಳಿಗೇನಾಯ್ತೀಗ?"

"ಏನೂ ಆಗಿಲ್ಲ. ನೀನು ಅಲ್ಲಿ ಅಮ್ಮನ ಹತ್ರ ಹೋಗ್ತೀಯಾ. ಚಿಕ್ಕಮ್ಮ ಬಂದ್ರೆ ಅವಳಿಗೆ ಅಲ್ಲಿ ಜಾಗ ಇದೆಯಾ?"

ಅಪ್ಪ ನನ್ನ ಮುಖ ನೋಡಿದ. ನಾನು ಅವನ ಎದುರು ಇಷ್ಟು ಮಾತು ಒಟ್ಟಿಗೆ ಆಡಿದ್ದು ನೆನಪಿಲ್ಲ.

"ನಾನು ಅದನ್ನ ಯೋಚ್ನೆನೇ ಮಾಡಿಲ್ಲ ಪುಟ್ಟೀ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ಹೇಗೆ ಹೇಳ್ಲಿ. ಕಣ್ಮುಚ್ಚಿದ್ರೆ ಆ ಮನೆ ಕಾಣುತ್ತೆ. ನಿನ್ನಮ್ಮ ಬಾಗಿಲು ತೆಗೀತಾಳೆ. ಒಳಗೆ ಹೋಗ್ತೀನಿ. ಗೋಡೆ ತಿಳಿ ಹಸಿರು, ನಾನೇ ಹೊಡೆದಂಗಿದೆ. ಮಂಚದ ಪಕ್ಕ ಸ್ಟೂಲು. ಸ್ಟೂಲ್ ಮೇಲೆ ಲೋಟ, ಅದರೊಳಗೆ ಯಾರೋ ಚಮಚ ತಿರುಗಿಸ್ತಿರ್ತಾರೆ. ಆ ಸದ್ದು ಕೇಳ್ತಿದ್ದಂಗೆ ನನಗೆ ಹೆದರಿಕೆ ಹೋಗುತ್ತೆ."

"ಯಾರು ತಿರುಗಿಸೋದು?"

"ಇನ್ಯಾರು? ಅವಳೇ."

"ಯಾವ ಅವಳು?"

ಅಪ್ಪನಿಗೆ ಸಿಟ್ಟು ಬಂತು. "ನಿನ್ನ ಚಿಕ್ಕಮ್ಮ ಕಣೇ. ಬೇರೆ ಯಾರು ಹಂಗೆ ಲೋಟಕ್ಕೆ ಬಡೀತಾರೆ?" ಅಷ್ಟು ಹೇಳಿ ಸುಮ್ಮನಾದ. ತಾನು ಏನು ಹೇಳಿದೆ ಎಂದು ಆಮೇಲೆ ಕೇಳಿಸಿಕೊಂಡವನ ಹಾಗೆ. "ಅವಳು ನನಗಿಂತ ಮುಂಚೆ ಅಲ್ಲಿ ಹೇಗೆ ಬಂದ್ಲು?" ಎಂದು ನನ್ನನ್ನೇ ಕೇಳಿದ.

ಮಾರ್ಚ್ 9

ಚಿಕ್ಕಮ್ಮನಿಗೆ ಎಲ್ಲ ಹೇಳಿದೆ. ಹಸಿರು ಗೋಡೆ, ಸ್ಟೂಲು, ಚಮಚ. ಅವಳು ಪಾತ್ರೆ ಉಜ್ಜುತ್ತಾ ಕೇಳಿದಳು.

"ಅಲ್ಲೂ ನಾನೇ ತಿರುಗಿಸ್ಬೇಕಾ? ಅಲ್ಲಾದ್ರೂ ಸ್ವಲ್ಪ ಕೂತ್ಕೊಳ್ಳೋಣ ಅಂದ್ರೆ!" ಅಂದಳು. ನಕ್ಕಳು ಕೂಡ. ನಗುತ್ತಾ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು.

ಇನ್ನು ಹೋಗುವುದಿಲ್ಲ ಎಂದುಕೊಂಡೆ. ಆದರೆ ಮುಖ ಒರೆಸಿಕೊಂಡು ಅವಳು ಹೇಳಿದ್ದು, "ಅದು ಔಷಧಿ ಕೊಡೋಳ ಜಾಗ ಕಣೇ. ನರ್ಸಮ್ಮನಿಗೂ ಅಷ್ಟು ಜಾಗ ಕೊಡ್ತಾರೆ. ಕಾಯಿಲೆ ಇಲ್ಲದ ಕಡೆ ನಾನ್ಯಾತಕ್ಕೆ?"

ಬ್ಯಾಗು ಅಲ್ಲೇ ಇದೆ. ಚಿಕ್ಕಮ್ಮನ ಪ್ರಶ್ನೆ ಅಪ್ಪನ ಒಂದು ಮಾತಿಗೆ ಮುಗಿಯುವಂಥದ್ದಲ್ಲ.

ಮಾರ್ಚ್ 15

ಅಪ್ಪ ಹೋದ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ.

ಅತ್ತೆ ತಲೆಯ ಬಳಿ ಕೂತಿದ್ದರು, ನಾನು ಕೈ ಹಿಡಿದಿದ್ದೆ. ಅಪ್ಪ ಬಾಗಿಲ ಕಡೆ ನೋಡಿ, "ಬಂದ್ಯಾ" ಅಂದ. ನಾವು ಕೆಲಸ ಮುಗಿಸಿ ಬಂದಾಗ ಅನ್ನುವ ಹಾಗೆ, ಸಲೀಸಾಗಿ. ಆಮೇಲೆ ಉಸಿರು ಬರಲಿಲ್ಲ.

"ನೋಡಿದ್ಯಾ, ನಿನ್ನಮ್ಮ ಬಂದು ಕರ್ಕೊಂಡು ಹೋದ್ಲು" ಎಂದು ಅತ್ತೆ ಅಳುತ್ತಾ ಹೇಳಿದರು.

ನಾನೂ ಬಾಗಿಲ ಕಡೆ ನೋಡಿದ್ದೆ. ಮೈ ಒರೆಸಲು ಬಿಸಿನೀರಿನ ಬೋಗುಣಿ ಹಿಡಿದು ಚಿಕ್ಕಮ್ಮ ಬಂದು ನಿಂತಿದ್ದಳು. ಅವಳ ಹಿಂದೆ ಯಾರಾದರೂ ಇದ್ದರೋ ಇಲ್ಲವೋ, ಬೋಗುಣಿಯ ಹಬೆಯಲ್ಲಿ ಕಾಣಲಿಲ್ಲ.

ಮಾರ್ಚ್ 17

ಬರೆಯಲು ಆಗುತ್ತಿಲ್ಲ.

ಮಾರ್ಚ್ 21

ಅಂಗಡಿಗೆ ಹೋಗಿದ್ದೆ. ಅಪ್ಪನ ಫೋಟೊ ದೊಡ್ಡದು ಮಾಡಬೇಕಿತ್ತು. ಕತ್ತರಿಯಣ್ಣ ಸೈಜು ಕೇಳಲಿಲ್ಲ. ತಾನೇ ಅಳೆದು ಕತ್ತರಿಸಿ, ಗಾಜು ಎರಡು ಸಲ ಒರೆಸಿದ. ಆಮೇಲೆ ಮೆಲ್ಲಗೆ, "ಬಂದ್ಯಾ ಅಂದ್ರಂತೆ? ಯಾರಿಗೆ?" ಎಂದು ಕೇಳಿದ.

"ಕರೆಂಟು ಹೋದ್ಮೇಲೆ ಏನೂ ಇಲ್ಲ ಅಂತೀಯಲ್ಲಣ್ಣ" ಅಂದೆ.

"ಅಂತೀನಿ" ಅಂದ. "ಆದ್ರೂ ಕೇಳ್ದೆ."

ಚಿಕ್ಕಮ್ಮ ಆ ಮಾತಿನ ಬಗ್ಗೆ ಒಂದು ಅಕ್ಷರ ಎತ್ತಿಲ್ಲ. ಅತ್ತೆ ಬಂದವರಿಗೆಲ್ಲ ಅಮ್ಮ ಬಂದ ಕತೆ ಹೇಳುವಾಗ ಎದ್ದು ಒಳಗೆ ಹೋಗುತ್ತಾಳೆ. ಅವಳಿಗೆ ಮೊಣಕಾಲು ನೋವು ಹೆಚ್ಚಾಗಿದೆ. ಬೆಳಿಗ್ಗೆ ಗೋಡೆ ಹಿಡಿದು ಎದ್ದಳು. ಊಟವೂ ಅರ್ಧಕ್ಕೇ ಬಿಡುತ್ತಾಳೆ. ಅಣ್ಣನ ಮನೆಯಲ್ಲಿ ಮಹಡಿ ಮೆಟ್ಟಿಲು ಇಪ್ಪತ್ತೆರಡಿವೆ, ಅದನ್ನು ಹೇಗೆ ಹತ್ತುತ್ತಾಳೆ?

ಮಾರ್ಚ್ 25

ಅತ್ತೆ ಹೊರಟರು. ಚಿಕ್ಕಮ್ಮ ಭಾನುವಾರ ಹನ್ನೊಂದರ ಬಸ್ಸಿಗೆ.

ಮಾರ್ಚ್ 27

ಬೆಳಿಗ್ಗೆ ಚಿಕ್ಕಮ್ಮ ಒಲೆ ಒರೆಸಿ, ಹಾಲು ಎಲ್ಲಿದೆ, ಬ್ರೆಡ್ಡು ಎಲ್ಲಿದೆ, ನೀರಿನ ಮೋಟಾರಿಗೆ ಯಾವ ಸ್ವಿಚ್ಚು ಎಂದು ನನಗೆ ತೋರಿಸಿದಳು. ನನಗೆ ಗೊತ್ತಿರುವ ಸ್ವಿಚ್ಚೇ. ನೋಡಿದೆ, ತಲೆಯಾಡಿಸಿದೆ. ಹತ್ತು ಗಂಟೆಯಾಯಿತು. ಅವಳು ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಳು. ನಡುವೆ ಸಿಕ್ಕಿಕೊಂಡಿತು. ನಾನು ಹಿಡಿದುಕೊಂಡೆ, ಎಳೆಯಲಿಲ್ಲ.

"ಚಿಕ್ಕಮ್ಮ, ನಾನು ಸತ್ತ ಮೇಲೆ ಎಲ್ಲಿಗೆ ಹೋಗ್ಲಿ?"

"ಬಿಡ್ತು ಅನ್ನು! ಎಂಥ ಮಾತಾಡ್ತೀಯಾ?"

"ನೀನು ಕೇಳ್ದೆಯಲ್ಲ ಅವತ್ತು, ಹೊದಿಕೆ ಹಿಂಡೋವಾಗ. ನಾನೂ ಕೇಳ್ತಿದ್ದೀನಿ. ಅತ್ತೆ ಹೇಳೋದು ನಿಜ ಆದ್ರೆ ಅಲ್ಲಿ ಅಮ್ಮ ಇರ್ತಾಳೆ. ನನ್ನನ್ನ ಹೇಗೆ ಗುರುತು ಹಿಡೀತಾಳೆ? ಅವಳು ನೋಡಿದ್ದು ಹನ್ನೊಂದು ದಿನದ ಕೂಸನ್ನ. ನಾನು ಮುದುಕಿಯಾಗಿ ಹೋಗಿ ನಿಂತ್ರೆ, ಇಪ್ಪತ್ನಾಲ್ಕರ ಹುಡುಗಿ ಹತ್ರ ನಾನು ನಿನ್ನ ಮಗಳು ಅಂತ ಹೇಳ್ಕೋಬೇಕಾ? ನನಗೆ ಇಲ್ಲೇ ಮಾತು ಬರಲ್ಲ. ಅಲ್ಲಿ ಬರುತ್ತಾ?"

ಚಿಕ್ಕಮ್ಮ ಜಿಪ್ಪು ಬಿಟ್ಟಳು.

"ಅಪ್ಪನಿಗೆ ನನ್ನ ವಿಷಯ ಅರ್ಧ ಗೊತ್ತಿಲ್ಲ. ಬೆಳಿಗ್ಗೆ ಹೋದ್ರೆ ಸಂಜೆ ಬರ್ತಿದ್ದ. ನನ್ನನ್ನ ಎಲ್ಲ ವಯಸ್ಸಲ್ಲೂ ನೋಡಿರೋಳು ನೀನೊಬ್ಳೇ. ನೀನು ಮುಂಚೆ ಹೋಗಿದ್ದು, ನಾನು ಬಂದಾಗ ಇವಳೇ ನಿನ್ನ ಮಗಳು ಅಂತ ಅವಳಿಗೆ ಹೇಳ್ಬೇಕು. ಹೇಳೋಕೆ ನೀನಿಲ್ಲದಿದ್ರೆ ನಾನು ಅಲ್ಲಿ ಯಾರ ಮನೆಗೆ ಹೋಗ್ಲಿ?"

ಅಷ್ಟೇ ಹೇಳಿದೆ. ಮಂಚದ ಮೇಲೆ ಕೂತೆ.

ಹೊರಗೆ ಯಾರೋ ಸ್ಕೂಟರು ಒದೆಯುತ್ತಿದ್ದರು, ಸ್ಟಾರ್ಟ್ ಆಗುತ್ತಿರಲಿಲ್ಲ. ಚಿಕ್ಕಮ್ಮ ನನ್ನ ಪಕ್ಕ ಕೂತು ಮೊಣಕಾಲು ತಿಕ್ಕಿಕೊಂಡಳು.

"ಅವಳು ನನ್ನ ಮಾತು ನಂಬ್ತಾಳಾ?"

"ಗೊತ್ತಿಲ್ಲ" ಅಂದೆ.

"ಎಂಟು ತಿಂಗಳಿದ್ದಾಗ ನಿನ್ನನ್ನ ನನ್ನ ಕೈಗೆ ಕೊಟ್ರು. ಆವತ್ತಿಂದ ಆಗಿದ್ದನ್ನೆಲ್ಲ ಹೇಳಿದ್ರೆ ನಂಬ್ಬೇಕು, ಅಲ್ವಾ?" ಗಡಿಯಾರ ನೋಡಿದಳು. "ಅಣ್ಣನಿಗೆ ಫೋನ್ ಹಚ್ಚು. ಬಸ್ ಸ್ಟ್ಯಾಂಡಿಗೆ ಬಂದು ಕಾಯ್ತಿರ್ತಾನೆ ಪಾಪ."

ಏಪ್ರಿಲ್ 2

ಅಮ್ಮ ಬಾಗಿಲಲ್ಲಿ ನಿಂತಿದ್ದಾಳೋ, ಯಾವ ಮನೆಯಲ್ಲಿ ಹುಟ್ಟಿದ್ದಾಳೋ, ಎಲ್ಲೂ ಇಲ್ಲವೋ, ನನಗೆ ಇನ್ನೂ ಗೊತ್ತಾಗಿಲ್ಲ. ಅಪ್ಪ "ಬಂದ್ಯಾ" ಅಂದದ್ದು ಯಾರಿಗೆ ಎಂದೂ ಗೊತ್ತಿಲ್ಲ. ಚಿಕ್ಕಮ್ಮನಿಗೂ ಗೊತ್ತಿಲ್ಲ. ಆದರೆ ಅವಳು ತಯಾರಿ ಮಾಡಿಕೊಳ್ಳುತ್ತಿದ್ದಾಳೆ. ಲಾಂಡ್ರಿಯಿಂದ ಬಂದು ಕಾಲು ಚಾಚಿ ಕೂತು, ಅಮ್ಮನಿಗೆ ಹೇಳಬೇಕಾದದ್ದನ್ನು ಒಂದೊಂದೇ ನೆನಪು ಮಾಡಿಕೊಳ್ಳುತ್ತಾಳೆ. ಮರೆತುಹೋದೀತು ಎಂದು ನನಗೆ ಬರೆದಿಡಲು ಹೇಳಿದ್ದಾಳೆ. ಇವತ್ತು ಹೇಳಿದ್ದು ಇಷ್ಟು:

ಕೈಗೆ ಕೊಟ್ಟಾಗ ಅಳಲಿಲ್ಲ. ಮುಖ ನೋಡಿ ಸೀನಿತು.

ಮೂರು ವರ್ಷದವರೆಗೆ ಒಂದು ಮಾತಿಲ್ಲ. ಮೂಗಿ ಅಂದವರ ಮನೆಗೆ ಆಮೇಲೆ ಕಾಲಿಡಲಿಲ್ಲ. ಮೊದಲ ಮಾತು "ಬೇಡ".

ಜ್ವರ ಬಂದರೆ ಎಡಗಿವಿ ಮಾತ್ರ ಕೆಂಪಾಗುತ್ತದೆ.

ಬೀದಿಯಲ್ಲಿ ಯಾರಾದರೂ ಮಾತಾಡಿಸಿದರೆ ನನ್ನ ಸೆರಗು ಬಾಯಿಗಿಟ್ಟುಕೊಳ್ಳುತ್ತಿತ್ತು. ನಾಲ್ಕು ಸೀರೆಯ ಸೆರಗು ಹಾಳು.

ಐದನೇ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಲ್ಲಿಸಿ ಪಾಠ ಒಪ್ಪಿಸು ಅಂದರು, ಬಾಯಿ ಬರದೆ ಮನೆಗೆ ಓಡಿ ಬಂತು. ಮಾರನೆಯ ದಿನ ಎಳೆದುಕೊಂಡು ಹೋಗಿ ಬಿಡಬೇಕಿತ್ತು. ಸ್ವಂತ ಮಗಳಾಗಿದ್ದರೆ ಎಳೆದುಕೊಂಡು ಹೋಗುತ್ತಿದ್ದೆ. ಜನ ಏನೆಂದಾರೋ ಎಂದು ಹೆದರಿ ಸುಮ್ಮನಾದೆ. ಅದು ನನ್ನ ತಪ್ಪು.

ಇಲ್ಲಿಗೆ ಬಂದಾಗ ಚಿಕ್ಕಮ್ಮ ನಿಲ್ಲಿಸಿದಳು. "ಇದನ್ನ ಬರೀಬೇಡ. ಇದನ್ನ ನಾನೇ ಅವಳ ಹತ್ರ ಕೂತು ಹೇಳ್ಕೋತೀನಿ" ಅಂದಳು.

"ಬರೆದಿಲ್ಲ" ಅಂದೆ.

"ಎಲ್ಲಿ, ತೋರ್ಸು" ಎಂದು ಕನ್ನಡಕಕ್ಕೆ ಕೈ ಚಾಚಿದಳು. ನಾನು ನೋಟ್‌ಬುಕ್ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಬೇಡ" ಅಂದೆ.

ಅವಳು ಬಿದ್ದು ಬಿದ್ದು ನಕ್ಕಳು. "ಇದನ್ನೂ ಹೇಳ್ತೀನಿ ಇರು ಅವಳಿಗೆ" ಅಂದಳು.